ಧ್ಯಾನಕ್ಕೆ ಯಾವ ಆಸನ, ಯಾವ ವಿಧಾನ? ದುಡ್ಡು ಹಾಕುವ ಮುಂಚೆ ಒಂದಿಷ್ಟು ಲೆಕ್ಕ

ಹೋದ ತಿಂಗಳು ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಧ್ಯಾನ ಶುರು ಮಾಡಬೇಕು ಅಂತಿದ್ದೀನಿ, ಯಾವ ದಿಂಬು ತಗೊಳ್ಳಲಿ?"

ಮೊದಲನೆಯವರು ನಮ್ಮ ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು. ವಯಸ್ಸು ಎಪ್ಪತ್ತು ದಾಟಿದೆ, ಎಡಗಾಲಿನ ಮಂಡಿಗೆ ಆಪರೇಷನ್ ಆಗಿದೆ. ಎರಡನೆಯವಳು ನನ್ನ ಅಕ್ಕನ ಮಗಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಪಿಜಿಯಲ್ಲಿ ವಾಸ. ಒಂದು ರೂಮಿಗೆ ಮೂವರು. ಮೂರನೆಯವರು ಮಂಗಳೂರಿನಲ್ಲಿರುವ ನನ್ನ ಅತ್ತಿಗೆ. ಅವರು ಆಗಲೇ ಒಂದು ದಿಂಬು ತರಿಸಿದ್ದರು. ಆಷಾಢದ ಮಳೆಗೆ ಅದು ಬೂಷ್ಟು ಹಿಡಿದು, ಎಸೆದೂ ಆಗಿತ್ತು.

ಮೂವರಿಗೂ ಒಂದೇ ದಿಂಬಿನ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆ ತಪ್ಪನ್ನು ನಾನೇ ಮಾಡಿ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ, ಫೋಟೋ ಚೆನ್ನಾಗಿದೆ ಅಂತ 2,200 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಒಂದು ದುಂಡನೆಯ ದಿಂಬು ತರಿಸಿದೆ. ಏಳು ಇಂಚು ಎತ್ತರ. ಕೂತರೆ ಮುಂದಕ್ಕೆ ಜಾರಿದ ಹಾಗೆ ಆಗುತ್ತಿತ್ತು. ಹತ್ತು ನಿಮಿಷಕ್ಕೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಧ್ಯಾನ ನನಗೆ ಒಗ್ಗುವುದಿಲ್ಲ ಅಂದುಕೊಂಡು ಒಂದು ವರ್ಷ ಬಿಟ್ಟೇಬಿಟ್ಟೆ. ಒಗ್ಗದೇ ಇದ್ದದ್ದು ದಿಂಬು ಅಂತ ಗೊತ್ತಾಗಿದ್ದು ಆಮೇಲೆ. ಈಗ ಅದರ ಮೇಲೆ ನನ್ನ ಮಗಳು ಕೂತು ಟಿವಿ ನೋಡುತ್ತಾಳೆ.

ಹಾಗಾಗಿ ಮೊದಲು ಅಳತೆ, ಆಮೇಲೆ ಅಂಗಡಿ.

ಮಂಡಿ ಎಲ್ಲಿದೆ, ಸೊಂಟ ಎಲ್ಲಿದೆ

ಆಸನದ ವಿಷಯದಲ್ಲಿ ಉಳಿದ ಎಲ್ಲಕ್ಕಿಂತ ಮುಖ್ಯವಾದದ್ದು ಇದೊಂದೇ. ಕೂತಾಗ ಮಂಡಿ ಸೊಂಟಕ್ಕಿಂತ ಕೆಳಗೆ ಇರಬೇಕು. ಮಂಡಿ ಮೇಲೆ ನಿಂತಿತೋ, ಸೊಂಟ ಹಿಂದಕ್ಕೆ ಉರುಳುತ್ತದೆ. ಆಗ ಬೆನ್ನಿನ ಕೆಳಭಾಗ ಗೂನಾಗುತ್ತದೆ. ಅದನ್ನು ನೇರ ಹಿಡಿಯಲು ಬೆನ್ನಿನ ಸ್ನಾಯುಗಳು ಪೂರ್ತಿ ಹೊತ್ತು ದುಡಿಯಬೇಕು. ಐದು ನಿಮಿಷಕ್ಕೆ ಸುಸ್ತು. ಮಂಡಿ ಕೆಳಗಿಳಿದು ನೆಲ ಮುಟ್ಟಿದರೆ ಎರಡು ಮಂಡಿ, ಒಂದು ಕೂರುವ ಜಾಗ, ಮೂರೂ ಸೇರಿ ಮೂರು ಕಲ್ಲಿನ ಒಲೆಯ ಹಾಗೆ ಭದ್ರವಾಗುತ್ತದೆ. ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಹಿಂದಿನವರಿಗೆ ಇದು ಗೊತ್ತಿತ್ತು. ಭಗವದ್ಗೀತೆಯ ಆರನೇ ಅಧ್ಯಾಯದ 11ನೇ ಶ್ಲೋಕ ಆಸನ ತೀರಾ ಎತ್ತರವೂ ಇರಬಾರದು, ತೀರಾ ತಗ್ಗೂ ಇರಬಾರದು ಅನ್ನುತ್ತದೆ. ದರ್ಭೆ, ಜಿಂಕೆ ಚರ್ಮ, ಬಟ್ಟೆ ಎಂದು ಪದರಗಳನ್ನೂ ಹೇಳುತ್ತದೆ. ನೆಲದ ತಂಡಿಗೆ ಒಂದು, ಮೆತ್ತಗಿರಲು ಒಂದು, ಮೈಗೆ ತಾಗಲು ಒಂದು ಅಂತ ನಾನು ಅದನ್ನು ಓದಿಕೊಳ್ಳುತ್ತೇನೆ. ಚರ್ಮದ ಮಾತು ಬಿಡಿ, 1972ರ ವನ್ಯಜೀವಿ ಕಾಯ್ದೆ ಇದೆ. ಪದರದ ಲೆಕ್ಕ ಮಾತ್ರ ಇವತ್ತಿಗೂ ಸರಿ.

ಇನ್ನು ನಿಮ್ಮ ಅಳತೆ. ಒಂದು ರಾಶಿ ಹಳೇ ಪೇಪರ್ ತನ್ನಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಕ್ಕದಿಂದ ಯಾರಾದರೂ ನೋಡಲಿ ಅಥವಾ ಮೊಬೈಲ್ ಒರಗಿಸಿ ಫೋಟೋ ತೆಗೆಯಿರಿ. ಮಂಡಿ ಮೇಲಿದ್ದರೆ ಸೊಂಟದ ಕೆಳಗೆ ಪೇಪರ್ ಸೇರಿಸುತ್ತಾ ಹೋಗಿ. ಮಂಡಿ ಸೊಂಟಕ್ಕಿಂತ ಕೆಳಗಿಳಿದ ಜಾಗದಲ್ಲಿ ನಿಲ್ಲಿಸಿ ಸ್ಕೇಲ್ ಇಟ್ಟು ನೋಡಿ. ಅದೇ ನಿಮ್ಮ ನಂಬರ್. ನನ್ನದು ಐದು ಇಂಚು ಬಂತು. ನನ್ನ ಹೆಂಡತಿಗೆ ಎರಡೇ ಇಂಚು, ಅವಳು ಈಗಲೂ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಾಳೆ. ನಾನು ಇಪ್ಪತ್ತು ವರ್ಷದಿಂದ ಆಫೀಸ್ ಕುರ್ಚಿಯ ಮೇಲೆ. ಒಂದೇ ಮನೆಯಲ್ಲಿ ಮೂರು ಇಂಚು ವ್ಯತ್ಯಾಸ! ಎಲ್ಲರಿಗೂ ಒಂದೇ ಅಳತೆಯ ದಿಂಬು ಹೇಗೆ ಆಗುತ್ತದೆ ಹೇಳಿ.

ನಂಬರ್ ಏಳು ದಾಟಿದರೆ, ಅಥವಾ ಎಷ್ಟು ಸೇರಿಸಿದರೂ ಮಂಡಿ ಇಳಿಯದಿದ್ದರೆ, ನೆಲದ ಆಸೆ ಸದ್ಯಕ್ಕೆ ಬಿಡಿ. ಕುರ್ಚಿ ಇದೆ, ಅದರ ಮಾತು ಮುಂದೆ ಬರುತ್ತದೆ.

ಎತ್ತರ ಗೊತ್ತಾದ ಮೇಲೆ ನೋಡಬೇಕಾದ್ದು ಗಟ್ಟಿತನ. ತಲೆದಿಂಬು ಐದು ಇಂಚು ಇರಬಹುದು, ಕೂತರೆ ಎರಡು ಇಂಚಿಗೆ ಇಳಿಯುತ್ತದೆ. ನಿಮ್ಮ ನಂಬರ್ ಅಂದರೆ ಕೂತ ಮೇಲೆ ಉಳಿಯುವ ಎತ್ತರ, ಅಂಗಡಿಯವರು ಹೇಳುವ ಎತ್ತರ ಅಲ್ಲ. ಆಮೇಲೆ ನಿಮ್ಮ ಊರಿನ ಹವೆ. ಕರಾವಳಿ, ಮಲೆನಾಡಿನಲ್ಲಿ ಒಣಗದ ವಸ್ತು ಮನೆಗೆ ತರಲೇಬೇಡಿ. ಆಮೇಲೆ ಇಡುವ ಜಾಗ, ಒಗೆಯುವ ಅನುಕೂಲ. ದುಡ್ಡಿನ ಮಾತು ಕೊನೆಗೆ, ಯಾಕೆಂದರೆ ಇದರಲ್ಲಿ ದುಡ್ಡು ಜಾಸ್ತಿ ಕೊಟ್ಟರೆ ಸುಖ ಜಾಸ್ತಿ ಅನ್ನುವ ಲೆಕ್ಕ ನಡೆಯುವುದಿಲ್ಲ.

ಮನೆಯಲ್ಲೇ ಇರುವುದು: ಕೌದಿ, ಕಂಬಳಿ, ಮಣೆ, ಚಾಪೆ

ನನ್ನನ್ನು ಕೇಳಿದರೆ ಮೊದಲ ತಿಂಗಳು ಯಾರೂ ಏನೂ ಕೊಳ್ಳಬಾರದು. ಕೌದಿ ಇದ್ದವರಂತೂ ಪುಣ್ಯವಂತರು. ಹಳೇ ಸೀರೆ, ಪಂಚೆ ಪದರ ಪದರವಾಗಿ ಹೊಲಿದ ಕೌದಿಗೆ ಹತ್ತಿ ದಿಂಬಿನ ಹಾಗೆ ಕುಸಿಯುವ ಅಭ್ಯಾಸ ಇಲ್ಲ. ನಾಲ್ಕು ಮಡಿಕೆ ಮಾಡಿದರೆ ಗಟ್ಟಿ ಆಸನ. ಎತ್ತರ ಸಾಲದಿದ್ದರೆ ಇನ್ನೊಂದು ಮಡಿಕೆ. ಒಗೆಯಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಅಟ್ಟದ ಮೇಲೆ ಒಂದಾದರೂ ಸಿಕ್ಕೇ ಸಿಗುತ್ತದೆ.

ಕುರಿ ಉಣ್ಣೆಯ ಕಂಬಳಿಯೂ ಅಷ್ಟೇ ಒಳ್ಳೆಯದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಯ ಕಂಬಳಿ ಇದ್ದರೆ ಇನ್ನೂ ಒಳ್ಳೆಯದು. ನೆಲದ ತಂಡಿ ಮೈಗೆ ಏರುವುದಿಲ್ಲ. ತೊಂದರೆ ಒಂದೇ, ಚುಚ್ಚುತ್ತದೆ. ಮೇಲೊಂದು ಹತ್ತಿ ಬಟ್ಟೆ ಹಾಸಿಕೊಳ್ಳಿ. ಜಮಖಾನ ಇದ್ದರೆ ಅದನ್ನು ಕೆಳಗೆ ಹಾಸಲು ಇಟ್ಟುಕೊಳ್ಳಿ, ಕಾಲಿನ ಗಂಟು ನೆಲಕ್ಕೆ ಒತ್ತುವುದು ತಪ್ಪುತ್ತದೆ. ನವಲಗುಂದದ ಜಮಖಾನ ಮನೆಯಲ್ಲಿದ್ದರೆ ಮಾತ್ರ ನಾನಾದರೆ ಅದನ್ನು ಗೋಡೆಗೆ ಹಾಕುತ್ತಿದ್ದೆ, ಕೂರಲು ಮನಸ್ಸು ಬರುತ್ತಿರಲಿಲ್ಲ.

ಮಣೆ ಬರೀ ಮೈಗೆ ಗಟ್ಟಿ. ಎತ್ತರವೂ ಒಂದೆರಡು ಇಂಚು ಅಷ್ಟೇ. ಆದರೆ ಮಣೆಯ ಮೇಲೆ ಮಡಿಸಿದ ಕಂಬಳಿ ಇಟ್ಟರೆ ನನ್ನ ಐದು ಇಂಚು ಬಂದೇಬಿಡುತ್ತದೆ. ಅಡಿಪಾಯ ಅಲ್ಲಾಡುವುದಿಲ್ಲ. ನಾನು ಸುಮಾರು ಎಂಟು ತಿಂಗಳು ಹೀಗೇ ಕೂತೆ.

ಯೋಗ ಮ್ಯಾಟ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದು ಕಾಲು ಜಾರದಿರಲು ಮಾಡಿದ್ದು, ಕೂರಲು ಮಾಡಿದ್ದಲ್ಲ. ಇದ್ದರೆ ಕೆಳಗೆ ಹಾಸಿ. ಇದಕ್ಕೇ ಅಂತ ಕೊಳ್ಳಬೇಡಿ. ಹಾಸಿಗೆ, ಸೋಫಾ ಎರಡೂ ಬೇಡ. ಮೈ ಹೂತುಹೋಗುತ್ತದೆ, ಹಾಸಿಗೆ ಕಂಡ ತಕ್ಷಣ ಕಣ್ಣು ತೂಗುತ್ತದೆ.

ಕೊಳ್ಳುವುದು ಅಥವಾ ಹೊಲಿಸುವುದು

ಆನ್‌ಲೈನಿನಲ್ಲಿ 'ಜಾಫು' ಅಂತ ಸಿಗುವುದು ಜಪಾನಿನ ಝೆನ್ ಮಠಗಳ ದುಂಡು ದಿಂಬಿನ ವಂಶ. ಸುತ್ತಲೂ ನೆರಿಗೆ ಹಿಡಿದ ಬಟ್ಟೆ, ಒಳಗೆ ಗಟ್ಟಿಯಾಗಿ ತುಂಬಿದ ಬೂರುಗದ ಹತ್ತಿ ಅಥವಾ ಬಕ್‌ವೀಟ್ ಅನ್ನುವ ಕಾಳಿನ ಸಿಪ್ಪೆ. ಅದರ ಕೆಳಗೆ ಮಂಡಿಗೆ ಅಂತ ಒಂದು ಚೌಕದ ತೆಳು ಹಾಸು, ಅದಕ್ಕೆ 'ಜಾಬುಟಾನ್' ಅನ್ನುತ್ತಾರೆ. ನಮ್ಮಲ್ಲಿ ಈ ಎರಡನೆಯದರ ಕೆಲಸವನ್ನು ಜಮಖಾನ ಮಾಡುತ್ತದೆ, ಅದಕ್ಕೆ ಬೇರೆ ದುಡ್ಡು ಬೇಡ.

ಸಿಪ್ಪೆಯ ದಿಂಬಿಗೆ ಒಂದು ಗುಣ ಇದೆ. ಕೂತ ತಕ್ಷಣ ಮೈಯ ಆಕಾರಕ್ಕೆ ಹೊಂದುತ್ತದೆ, ಆಮೇಲೆ ಅಲ್ಲಾಡುವುದಿಲ್ಲ. ಜಿಪ್ ತೆಗೆದು ಎರಡು ಹಿಡಿ ಸಿಪ್ಪೆ ಹೊರಗೆ ಹಾಕಿದರೆ ಎತ್ತರ ಇಳಿಯುತ್ತದೆ. ಆದರೆ ಭಾರ ಜಾಸ್ತಿ. ಅಲ್ಲಾಡಿದರೆ ಸರಸರ ಸದ್ದು. ತೇವ ಹಿಡಿದರೆ ಹುಳ, ಬೂಷ್ಟು ಎರಡೂ ಬರಬಹುದು. ಅತ್ತಿಗೆಯ ದಿಂಬಿಗೆ ಆದದ್ದು ಅದೇ. ಸಿಪ್ಪೆ ದುಬಾರಿ ಅಂತ ನನ್ನ ಸ್ನೇಹಿತನೊಬ್ಬ ಭತ್ತದ ಹೊಟ್ಟು ತುಂಬಿಸಿ ನೋಡಿದ. ಬಟ್ಟೆ ತೂರಿಕೊಂಡು ಚುಚ್ಚಿತು, ಮನೆಯೆಲ್ಲಾ ಧೂಳು. ನೀವು ಆ ಸಾಹಸ ಮಾಡಬೇಡಿ.

ಬೂರುಗದ ಹತ್ತಿ ಹಗುರ. ನೀರನ್ನು ಸುಲಭಕ್ಕೆ ಹೀರುವುದಿಲ್ಲ, ಹಾಗಾಗಿ ತೇವದ ಊರಿಗೆ ಮಾಮೂಲಿ ಹತ್ತಿಗಿಂತ ವಾಸಿ. ಕಾಲ ಕಳೆದಂತೆ ಒತ್ತಿ ಚಪ್ಪಟೆಯಾಗುತ್ತದೆ, ವರ್ಷಕ್ಕೊಮ್ಮೆ ಇನ್ನಷ್ಟು ತುಂಬಬೇಕು. ಮಾಮೂಲಿ ಹತ್ತಿ ಎಲ್ಲಕ್ಕಿಂತ ಅಗ್ಗ. ಬಿಸಿಲಿಗೆ ಹಾಕುತ್ತಿದ್ದರೆ ಮೈಸೂರು, ದಾವಣಗೆರೆ, ಕಲಬುರಗಿಯಂಥ ಕಡೆ ಏನೂ ತೊಂದರೆ ಇಲ್ಲ. ಫೋಮ್ ಬೇಗ ಒಣಗುತ್ತದೆ, ಒಗೆಯಲೂ ಸುಲಭ. ಆದರೆ ಕಡಿಮೆ ಬೆಲೆಯ ಫೋಮ್ ಆರು ತಿಂಗಳಿಗೆ ಕುಸಿಯುತ್ತದೆ. ಬೇಸಿಗೆಯಲ್ಲಿ ಕೆಳಗೆ ಬೆವರು.

ಬೆಲೆ ಹೇಳುವುದಾದರೆ, ಆನ್‌ಲೈನಿನಲ್ಲಿ ನಾನು ನೋಡಿದ ದುಂಡು ದಿಂಬುಗಳು ಹೆಚ್ಚಾಗಿ ಸಾವಿರದಿಂದ ಎರಡೂವರೆ ಸಾವಿರದ ಒಳಗಿದ್ದವು. ಅದರ ಬದಲು ನಿಮ್ಮೂರಿನ ಹಾಸಿಗೆ ಅಂಗಡಿಗೆ ಹೋಗಿ. ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು ಇನ್ನೂ ಇದ್ದಾರೆ. ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಅಗಲ, ನಿಮ್ಮ ನಂಬರಿಗಿಂತ ಒಂದು ಇಂಚು ಜಾಸ್ತಿ ಎತ್ತರ ಹೇಳಿ. ನಾನು ಹೊಲಿಸಿದಾಗ ಬಟ್ಟೆ, ಹತ್ತಿ, ಕೂಲಿ ಸೇರಿ 450 ರೂಪಾಯಿ ಆಯಿತು. ಒಂದು ಎಚ್ಚರಿಕೆ. "ಗಟ್ಟಿಯಾಗಿ ತುಂಬಿ" ಅಂತ ಮೂರು ಸಲ ಹೇಳಬೇಕು. ಅವರ ಕೈಗೆ ಮೆತ್ತನೆಯ ದಿಂಬಿನ ಅಭ್ಯಾಸ. ನನಗೆ ಮೊದಲ ಸಲ ಕೊಟ್ಟದ್ದು ಮಗು ಮಲಗಿಸುವಷ್ಟು ಮೆತ್ತಗಿತ್ತು. "ಇದು ಕೂರೋಕೆ, ಮಲಗೋಕಲ್ಲ" ಅಂದಾಗ ನಕ್ಕು, ಅದರಲ್ಲೇ ಇನ್ನೊಂದು ದಿಂಬಿನ ಹತ್ತಿ ತುರುಕಿಕೊಟ್ಟರು. ಈಗ ಕಲ್ಲಿನ ಹಾಗಿದೆ, ಚೆನ್ನಾಗಿದೆ.

ಚಕ್ಕಳಮಕ್ಕಳ ಆಗುವುದೇ ಇಲ್ಲ, ಆದರೆ ಮಂಡಿ ಮಡಿಸಲು ಬರುತ್ತದೆ ಅನ್ನುವವರಿಗೆ ಪುಟ್ಟ ಮರದ ಬೆಂಚು ಇದೆ. ವಜ್ರಾಸನದ ಹಾಗೆ ಮಂಡಿಯೂರಿ, ಕಾಲುಗಳ ಮೇಲೆ ಬೆಂಚು ಇಟ್ಟು ಕೂರುವುದು. ಭಾರ ಹಿಮ್ಮಡಿಗೆ ಬೀಳುವುದಿಲ್ಲ, ಬೆನ್ನು ತಾನಾಗಿ ನೆಟ್ಟಗೆ. ಬಡಗಿಯವರು ಉಳಿದ ಹಲಗೆಯಲ್ಲೇ ಮಾಡಿಕೊಡುತ್ತಾರೆ. ಎರಡು ಕಾಲು, ಮೇಲೊಂದು ಹಲಗೆ, ಹಲಗೆ ಮುಂದಕ್ಕೆ ಸ್ವಲ್ಪ ವಾಲಿರಬೇಕು ಅಷ್ಟೇ. ಪಾದದ ಮೇಲ್ಭಾಗಕ್ಕೆ ನೋವು ಬರುತ್ತದೆ, ಕೆಳಗೆ ದಪ್ಪ ಹಾಸು ಬೇಕು.

ಕುರ್ಚಿ ಅಂದರೆ ಕೀಳಲ್ಲ

ಮೇಷ್ಟ್ರಿಗೆ ಕುರ್ಚಿ ಅಂದಾಗ ಮುಖ ಸಪ್ಪಗೆ ಮಾಡಿದರು. "ಅದು ಧ್ಯಾನ ಹೆಂಗಾಗುತ್ತಪ್ಪಾ?" ಅಂದರು. ಆಗುತ್ತದೆ ಸಾರ್. ಬ್ರಹ್ಮಕುಮಾರಿಯವರ ಕೇಂದ್ರಗಳಲ್ಲಿ ಕುರ್ಚಿಯ ಮೇಲೆ ಕೂತವರನ್ನು ನೋಡಿ. ವಿಪಶ್ಶನಾ ಶಿಬಿರಗಳಲ್ಲಿ ನೆಲಕ್ಕೆ ಕೂರಲಾಗದವರಿಗೆ ಕುರ್ಚಿ ಕೊಡುತ್ತಾರೆ. ಪತಂಜಲಿಯ ಸೂತ್ರವೂ ಆಸನ ಸ್ಥಿರವಾಗಿ, ಸುಖವಾಗಿ ಇರಲಿ ಅನ್ನುತ್ತದೆ, ಪದ್ಮಾಸನವೇ ಆಗಬೇಕು ಅನ್ನುವುದಿಲ್ಲ. ಮಂಡಿ ಆಪರೇಷನ್ ಆದವರು ನೆಲಕ್ಕೆ ಕೂರಬಹುದೋ ಬೇಡವೋ ಅನ್ನುವುದನ್ನು ಆಪರೇಷನ್ ಮಾಡಿದ ಡಾಕ್ಟರೇ ಹೇಳಬೇಕು, ನಾನಲ್ಲ.

ಆದರೆ ಯಾವ ಕುರ್ಚಿ? ಪ್ಲಾಸ್ಟಿಕ್ ಕುರ್ಚಿಯ ಸೀಟು ಹಿಂದಕ್ಕೆ ತಗ್ಗಾಗಿರುತ್ತದೆ. ಮತ್ತೆ ಅದೇ ಕಥೆ, ಸೊಂಟ ಕೆಳಗೆ, ಮಂಡಿ ಮೇಲೆ. ಮಡಿಸಿದ ಬೆಡ್‌ಶೀಟ್ ಒಂದನ್ನು ಸೀಟಿನ ಹಿಂಭಾಗಕ್ಕೆ ಇಟ್ಟರೆ ಸರಿಹೋಗುತ್ತದೆ. ಊಟದ ಟೇಬಲ್ಲಿನ ಮರದ ಕುರ್ಚಿ ಎಲ್ಲಕ್ಕಿಂತ ಒಳ್ಳೆಯದು. ಪಾದ ಪೂರ್ತಿ ನೆಲ ಮುಟ್ಟಬೇಕು, ಕುಳ್ಳಗಿರುವವರು ಕಾಲಡಿ ಮಣೆ ಇಟ್ಟುಕೊಳ್ಳಿ. ಬೆನ್ನು ಒರಗಿಸಬೇಡಿ. ಆಗದಿದ್ದರೆ ಸೊಂಟದ ಹಿಂದೆ ಮಾತ್ರ ಒಂದು ಚಿಕ್ಕ ದಿಂಬು ಇಡಿ.

ಕೂತಾಯಿತು, ಈಗ ಮಾಡುವುದೇನು

ಆಸನವನ್ನು ಮೈ ನೋಡಿ ಆರಿಸಿದಿರಿ. ವಿಧಾನವನ್ನು ಆರಿಸುವಾಗ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ. ಕಣ್ಣು ಮುಚ್ಚಿದ ತಕ್ಷಣ ನಿಮ್ಮ ಮನಸ್ಸು ಓಡುತ್ತದೋ, ತೂಕಡಿಸುತ್ತದೋ? ದೇವರ ಹೆಸರು ನಿಮಗೆ ನೆಮ್ಮದಿಯೋ, ಬೇಡವೋ? ಹೇಳಿಕೊಡುವವರು ಬೇಕೇ, ಒಬ್ಬರೇ ಮಾಡಬಲ್ಲಿರಾ? ದಿನಕ್ಕೆ ಎಷ್ಟು ಹೊತ್ತು ನಿಜವಾಗಿ ಸಿಗುತ್ತದೆ? ಇದಕ್ಕೆ ಆಸೆಯ ಲೆಕ್ಕ ಬೇಡ. ಹೋದ ವಾರ ಎಷ್ಟು ಹೊತ್ತು ಸಿಕ್ಕಿತ್ತು ಅಂತ ನೋಡಿ.

ಓಡುವ ಮನಸ್ಸಿಗೆ ಉಸಿರು ಎಣಿಸುವುದು ಸುಲಭದ ದಾರಿ. ಉಸಿರು ಹೊರಗೆ ಹೋದಾಗ ಒಂದು, ಮತ್ತೆ ಹೋದಾಗ ಎರಡು, ಹತ್ತರ ತನಕ. ಮತ್ತೆ ಒಂದರಿಂದ. ತಪ್ಪಿದರೆ ಬೇಜಾರಿಲ್ಲದೆ ಒಂದಕ್ಕೆ ವಾಪಸ್. ನಾನು ಮೊದಲ ವಾರ ನಾಲ್ಕು ದಾಟಿದ್ದೇ ಅಪರೂಪ. ಒಂದು ದಿನ ಇಪ್ಪತ್ತೇಳಕ್ಕೆ ಹೋಗಿ ಎಚ್ಚರವಾಯಿತು, ಹತ್ತರಲ್ಲಿ ನಿಲ್ಲಬೇಕಿತ್ತು ಅನ್ನೋದೇ ಮರೆತಿತ್ತು! ಎಣಿಕೆ ರೂಢಿಯಾದ ಮೇಲೆ ಅದನ್ನು ಬಿಟ್ಟು, ಮೂಗಿನ ಹೊಳ್ಳೆಯ ಹತ್ತಿರ ಉಸಿರು ತಾಗುವುದನ್ನು ಮಾತ್ರ ನೋಡುವುದು. ಬೌದ್ಧರು ಇದನ್ನು ಆನಾಪಾನ ಅನ್ನುತ್ತಾರೆ. ಇಲ್ಲಿ ಉಸಿರನ್ನು ಬಿಗಿ ಹಿಡಿಯುವುದು, ಎಳೆಯುವುದು ಏನೂ ಇಲ್ಲ, ಅದು ಪ್ರಾಣಾಯಾಮ. ಇದಕ್ಕೆ ದೇವರು ಬೇಡ, ದುಡ್ಡು ಬೇಡ, ಗುರು ಇಲ್ಲದೆಯೂ ಶುರು ಮಾಡಬಹುದು. ಕೊರತೆ ಅಂದರೆ, ಬೇಗ ಬೇಸರವಾಗುತ್ತದೆ. ಆತಂಕ ಜಾಸ್ತಿ ಇರುವ ಕೆಲವರಿಗೆ ಉಸಿರನ್ನೇ ನೋಡುತ್ತಾ ಕೂತರೆ ಉಸಿರು ಕಟ್ಟಿದ ಹಾಗೂ ಆಗುತ್ತದೆ. ಅಂಥವರು ಮುಂದಿನದನ್ನು ನೋಡಿ.

ಜಪ ನಮ್ಮ ಮನೆಗಳಲ್ಲಿ ಆಗಲೇ ಇರುವ ವಿಧಾನ. ಕೈಗೆ ಸರ, ಬಾಯಿಗೆ ಹೆಸರು, ಎರಡಕ್ಕೂ ಕೆಲಸ. ಹಾಗಾಗಿ ಮನಸ್ಸಿಗೆ ಅಲೆಯಲು ಜಾಗ ಕಡಿಮೆ. 108 ಮಣಿಯ ಸರದಲ್ಲಿ ಒಂದು ಮಣಿಗೆ ಐದು ಸೆಕೆಂಡ್ ಅಂದರೂ ಒಂದು ಸುತ್ತಿಗೆ ಒಂಬತ್ತು ನಿಮಿಷ. ಗಡಿಯಾರ ನೋಡುವ ಗೋಜಿಲ್ಲ. ಬಸ್ಸಿನಲ್ಲೂ ಆಗುತ್ತದೆ. ಇದರ ಅಪಾಯ ಯಾವುದು ಅಂದರೆ ಯಾಂತ್ರಿಕತೆ. ನಮ್ಮಜ್ಜಿ ಸರ ಎಣಿಸುತ್ತಲೇ "ಹಾಲು ಉಕ್ತಾ ಇದೆ ನೋಡೇ" ಅನ್ನುತ್ತಿದ್ದರು. ಅವರ ಜಪದ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ, ನನ್ನದು ಮಾತ್ರ ಹಾಗಾದಾಗ ಎಣಿಕೆ ಆಗುತ್ತದೆ, ಧ್ಯಾನ ಆಗುವುದಿಲ್ಲ.

ತೂಕಡಿಸುವವರಿಗೆ ಕಣ್ಣು ತೆರೆದು ಮಾಡುವ ವಿಧಾನ ಸರಿ. ಲಿಂಗಾಯತ ಮನೆಗಳಲ್ಲಿ ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನಿಲ್ಲಿಸುವ ಪದ್ಧತಿ ಇದೆಯಲ್ಲ, ದೀಕ್ಷೆ ಆಗಿರುವವರು ಹೊಸದನ್ನು ಹುಡುಕುವ ಮುಂಚೆ ಅದಕ್ಕೇ ವಾಪಸ್ ಹೋಗಿ ನೋಡಬಹುದು. ದೀಪದ ಕುಡಿ ನೋಡುವ ತ್ರಾಟಕವೂ ಇದೇ ಜಾತಿ. ಕಣ್ಣಿನ ತೊಂದರೆ ಇದ್ದವರಿಗೆ ದೀಪ ಬೇಡ. ಬ್ರಹ್ಮಕುಮಾರಿಯವರ ರಾಜಯೋಗವನ್ನೂ ಕಣ್ಣು ತೆರೆದೇ ಮಾಡುತ್ತಾರೆ. ಅವರ ಏಳು ದಿನದ ಆರಂಭದ ಪಾಠಕ್ಕೆ ಫೀಸ್ ಇಲ್ಲ. ಆದರೆ ಅದರ ಜೊತೆ ಅವರ ತತ್ತ್ವವೂ ಬರುತ್ತದೆ, ಅದು ನಿಮಗೆ ಸರಿಯೋ ನೋಡಿಕೊಳ್ಳಿ.

ಕೂರುವುದೇ ಆಗದವರು ನಡೆಯಿರಿ. ತಾರಸಿ ಮೇಲೋ ಪಡಸಾಲೆಯಲ್ಲೋ ಹತ್ತು ಹದಿನೈದು ಹೆಜ್ಜೆ, ತಿರುಗಿ ಮತ್ತೆ ಅಷ್ಟೇ. ಪಾದ ಎತ್ತುವುದು, ಇಡುವುದು, ಅಷ್ಟರ ಮೇಲೇ ಗಮನ. ನಿಧಾನ. ಆತಂಕದವರಿಗೆ, ಇಡೀ ದಿನ ಕೂತು ಕೆಲಸ ಮಾಡುವವರಿಗೆ ಇದು ಕೂರುವುದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಪಕ್ಕದ ಮನೆಯವರು "ಏನಾದರೂ ಕಳೆದುಹೋಯ್ತಾ?" ಅಂತ ಕೇಳುತ್ತಾರೆ, ಅದೊಂದು ಕಷ್ಟ.

ಮಲಗಿ ಮಾಡುವ ಯೋಗನಿದ್ರೆ, ಅಂದರೆ ಪಾದದಿಂದ ತಲೆಯವರೆಗೆ ಒಂದೊಂದೇ ಅಂಗಕ್ಕೆ ಗಮನ ಕೊಡುತ್ತಾ ಬರುವುದು, ಬೆನ್ನು ನೋವಿನವರಿಗೆ, ರಾತ್ರಿ ನಿದ್ದೆ ಬಾರದವರಿಗೆ ವರ. ಎಚ್ಚರವಾಗಿರುವುದನ್ನು ಕಲಿಯಬೇಕು ಅನ್ನುವವರಿಗೆ ಅಲ್ಲ. ಹೆಚ್ಚಿನವರು ಮಂಡಿ ತಲುಪುವಷ್ಟರಲ್ಲಿ ಗೊರಕೆ.

ಮೊಬೈಲ್ ಆ್ಯಪ್ ಬಗ್ಗೆ ನನ್ನದು ಅರ್ಧ ಮನಸ್ಸು. ಧ್ವನಿ ಕೇಳುತ್ತಾ ಕೂರುವುದು ಮೊದಲ ಹತ್ತು ದಿನಕ್ಕೆ ಊರುಗೋಲು. ದುಡ್ಡು ಕೊಡದೆಯೂ ಸಾಕಷ್ಟು ಸಿಗುತ್ತದೆ. ಆದರೆ ಕಣ್ಣು ಬಿಟ್ಟ ತಕ್ಷಣ ಕೈಯಲ್ಲಿ ಮೊಬೈಲ್ ಇರುತ್ತದೆ, ಅದರಲ್ಲಿ ಹದಿನಾಲ್ಕು ಮೆಸೇಜ್. ಬಳಸುವುದಾದರೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಕೈಗೆ ಎಟುಕದ ಕಡೆ ಇಡಿ.

ಶಿಬಿರ, ಕೋರ್ಸ್: ಯಾವಾಗ ಹೋಗಬೇಕು

ಎಲ್ಲರಿಗೂ ಮೊದಲು ಹೊಳೆಯುವುದು ಹತ್ತು ದಿನದ ವಿಪಶ್ಶನಾ. ಎಸ್. ಎನ್. ಗೋಯೆಂಕಾ ಅವರು 1969ರಲ್ಲಿ ಬರ್ಮಾದಿಂದ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದ ಪದ್ಧತಿ. ಬೆಂಗಳೂರಿನ ಹೊರಗೆ, ತುಮಕೂರು ರಸ್ತೆ ಕಡೆಯ ಆಲೂರಿನಲ್ಲಿ ಧಮ್ಮ ಪಫುಲ್ಲ ಅನ್ನುವ ಕೇಂದ್ರ ಇದೆ. ಊಟ, ವಸತಿ ಯಾವುದಕ್ಕೂ ಫೀಸ್ ಇಲ್ಲ. ಹಿಂದೆ ಶಿಬಿರ ಮಾಡಿದವರು ಕೊಟ್ಟ ದಾನದಲ್ಲೇ ನಡೆಯುತ್ತದೆ. ದುಡ್ಡಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಬೆಲೆ ಬೇರೆ ಕಡೆ ಇದೆ. ಬೆಳಗ್ಗೆ ನಾಲ್ಕಕ್ಕೆ ಗಂಟೆ. ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು. ಮಾತು, ಮೊಬೈಲ್, ಓದು, ಬರಹ ಏನೂ ಇಲ್ಲ. ಹೊಸಬರಿಗೆ ಸಂಜೆ ಟೀ ಮತ್ತು ಹಣ್ಣು ಅಷ್ಟೇ. ಮೊದಲ ಮೂರು ದಿನ ಬರೀ ಆನಾಪಾನ, ನಾಲ್ಕನೇ ದಿನ ವಿಪಶ್ಶನಾ, ಅಂದರೆ ಮೈಯಲ್ಲಿ ಆಗುವ ಸಂವೇದನೆಗಳನ್ನು ಸುಮ್ಮನೆ ಗಮನಿಸುವುದು, ಶುರು. ಮನೆಯಲ್ಲಿ ಇಪ್ಪತ್ತು ನಿಮಿಷವೂ ಕೂತು ಅಭ್ಯಾಸ ಇಲ್ಲದವರು ನೇರ ಅಲ್ಲಿಗೆ ಹೋಗಬಹುದು, ಹಾಗೆ ಹೋಗಿ ಬಂದವರೂ ತುಂಬಾ ಇದ್ದಾರೆ. ಆದರೆ ಮಂಡಿ, ಸೊಂಟದ ಮೇಲೆ ಕರುಣೆ ಇದ್ದರೆ ಮೂರು ತಿಂಗಳು ಮನೆಯಲ್ಲಿ ಕೂತು ಆಮೇಲೆ ಅರ್ಜಿ ಹಾಕಿ. ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ, ನಿಮ್ಮ ಡಾಕ್ಟರನ್ನೂ ಕೇಳಿ. ಇಷ್ಟು ದೊಡ್ಡ ಮೌನ ಎಲ್ಲರಿಗೂ ಎಲ್ಲ ಕಾಲಕ್ಕೂ ಹಿತವಲ್ಲ.

ಮಹರ್ಷಿ ಮಹೇಶ ಯೋಗಿ ಅವರ ಭಾವಾತೀತ ಧ್ಯಾನ ದಿನಕ್ಕೆ ಎರಡು ಸಲ, ಇಪ್ಪತ್ತು ನಿಮಿಷ. ಒಂದು ಮಂತ್ರ ಕೊಡುತ್ತಾರೆ, ಕುರ್ಚಿಯ ಮೇಲೆ ಆರಾಮಾಗಿ ಕೂತರೂ ನಡೆಯುತ್ತದೆ. ಕಲಿಯಲು ಫೀಸ್ ಇದೆ. ಕನಕಪುರ ರಸ್ತೆಯ ಆರ್ಟ್ ಆಫ್ ಲಿವಿಂಗ್‌ನಲ್ಲೂ ಕೋರ್ಸ್‌ಗೆ ಫೀಸ್ ಇದೆ. ಗುಂಪು, ಹಾಡು, ಉತ್ಸಾಹ ಇಷ್ಟಪಡುವವರಿಗೆ ಅಲ್ಲಿ ಸೇರುತ್ತದೆ, ನನ್ನಂಥ ಮೂಲೆ ಹಿಡಿಯುವವರಿಗೆ ಕಷ್ಟ. ಹೃದಯದ ಮೇಲೆ ಗಮನ ಇಟ್ಟು ಕೂರುವುದನ್ನು ಹಾರ್ಟ್‌ಫುಲ್‌ನೆಸ್ ಅನ್ನುವ ಸಂಸ್ಥೆಯವರು ಫೀಸ್ ಇಲ್ಲದೆ ಕಲಿಸುತ್ತಾರೆ. ಧರ್ಮದ ಮಾತೇ ಬೇಡ, ಆಸ್ಪತ್ರೆಯ ಭಾಷೆಯಲ್ಲಿ ಹೇಳಿದರೆ ಸಾಕು ಅನ್ನುವವರಿಗೆ ಎಂಟು ವಾರದ ಎಂಬಿಎಸ್‌ಆರ್ ಇದೆ, ಅಂದರೆ ಗಮನದ ಅಭ್ಯಾಸದಿಂದ ಒತ್ತಡ ಇಳಿಸುವ ಕೋರ್ಸ್. ಜಾನ್ ಕಬಟ್-ಝಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವೈದ್ಯಕೀಯ ಕಾಲೇಜಿನಲ್ಲಿ ಶುರು ಮಾಡಿದ್ದು. ಅದಕ್ಕೂ ದುಡ್ಡು ಬೇಕು, ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ.

ಫೀಸ್ ಕೊಟ್ಟರೆ ಬಿಡದೆ ಮಾಡುತ್ತೇನೆ ಅನ್ನುವ ಸ್ವಭಾವ ಕೆಲವರದು. ಅಂಥವರಿಗೆ ಫೀಸ್ ದಂಡ ಅಲ್ಲ. ಜಿಮ್‌ಗೆ ವರ್ಷದ ದುಡ್ಡು ಕಟ್ಟಿ ಎರಡು ವಾರ ಹೋದವರು ಮಾತ್ರ ಹುಷಾರು.

ಮೂವರೂ ಏನು ಮಾಡಿದರು

ಮೇಷ್ಟ್ರು ಮರದ ಕುರ್ಚಿಗೆ ಒಪ್ಪಿದರು. ರಾಯರ ಭಕ್ತರು, ಕಣ್ಣು ಮುಚ್ಚಿದರೆ ತೂಕಡಿಕೆ. ಕಣ್ಣು ಅರ್ಧ ತೆರೆದು ಒಂದು ಸುತ್ತು ಜಪ, ಬೆಳಗ್ಗೆ ಕಾಫಿ ಆದ ಮೇಲೆ. ಖರ್ಚು ಸೊನ್ನೆ.

ಅಕ್ಕನ ಮಗಳ ನಂಬರ್ ನಾಲ್ಕು ಇಂಚು. ಪಿಜಿಯಲ್ಲಿ ದೊಡ್ಡ ದಿಂಬು ಇಡಲು ಜಾಗ ಇಲ್ಲ, ಇಟ್ಟರೆ ರೂಮ್‌ಮೇಟ್ ತಲೆಗಿಟ್ಟುಕೊಂಡು ಮಲಗುತ್ತಾಳಂತೆ. ಊರಿಂದ ಒಂದು ಕೌದಿ ಕಳಿಸಿದೆವು. ರಾತ್ರಿ ಹೊದಿಕೆ, ಬೆಳಗ್ಗೆ ಆಸನ. ಉಸಿರು ಎಣಿಕೆ ಹತ್ತು ನಿಮಿಷ. ರೂಮಿನಲ್ಲಿ ಗದ್ದಲ ಇದ್ದ ದಿನ ತಾರಸಿ ಮೇಲೆ ನಡಿಗೆ. "ಮಾಮ, ನಂಗೆ ನಡಿಯೋದೇ ಇಷ್ಟ ಆಗ್ತಿದೆ" ಅಂದಳು. ಹಾಗಾದರೆ ಅದನ್ನೇ ಮಾಡು ಅಂದೆ. ಭಾನುವಾರ ಶಾಂತವಾಗಿ ಕೂರಬೇಕು ಅನ್ನಿಸಿದರೆ ಬಸವನಗುಡಿಯ ರಾಮಕೃಷ್ಣ ಆಶ್ರಮಕ್ಕೆ ಹೋಗಿ ಕೂತು ಬಾ, ಯಾರೂ ಯಾಕೆ ಬಂದೆ ಅಂತ ಕೇಳುವುದಿಲ್ಲ.

ಅತ್ತಿಗೆಯದು ಕಷ್ಟದ ಕೇಸು. ಮಂಗಳೂರಿನ ಜೂನ್‌ನಿಂದ ಸೆಪ್ಟೆಂಬರ್ ತಡೆಯುವ ದಿಂಬು ಯಾವುದು? ಮೂರು ದಾರಿ ಇತ್ತು. ಒಂದು, ಒಳ್ಳೆಯ ಫೋಮ್, ತೆಗೆದು ಒಗೆಯುವ ಕವರ್. ಎರಡು, ಬೂರುಗದ ಹತ್ತಿ, ಆದರೆ ಬಿಸಿಲು ಬಂದಾಗಲೆಲ್ಲಾ ಹೊರಗೆ ಹಾಕಬೇಕು. ಮೂರು, ಮರದ ಬೆಂಚು. ಅವರಿಗೆ ವಜ್ರಾಸನ ಮೊದಲಿನಿಂದಲೂ ರೂಢಿ. ಬಡಗಿಯವರ ಹತ್ತಿರ ಹಲಸಿನ ಹಲಗೆಯಲ್ಲಿ ಬೆಂಚು ಮಾಡಿಸಿದರು. ಬೂಷ್ಟು ಬಂದರೆ ಬಟ್ಟೆಯಲ್ಲಿ ಒರೆಸಿದರಾಯಿತು. ಕಾಲ ಕೆಳಗೆ ಎರಡು ಮಡಿಕೆ ಹಳೇ ಟವೆಲ್. ಮುಂದಿನ ವರ್ಷ ಹತ್ತು ದಿನದ ಶಿಬಿರಕ್ಕೆ ಹೋಗುವ ಯೋಚನೆ ಅವರದು. ಈಗಿನಿಂದಲೇ ಆನಾಪಾನ ಮಾಡುತ್ತಿದ್ದಾರೆ.

ಮೊದಲ ತಿಂಗಳಲ್ಲಿ ಬರುವ ತೊಡಕು

ಕಾಲು ಜೋಮು ಹಿಡಿಯುವುದು ಮಾಮೂಲಿ. ನರಕ್ಕೆ ಒತ್ತಡ ಬಿದ್ದಿದೆ ಅಂತ ಅರ್ಥ. ಕಾಲು ಅದಲು ಬದಲು ಮಾಡಿ, ಏಳುವಾಗ ತಕ್ಷಣ ಎದ್ದು ನಡೆಯಬೇಡಿ, ಬೀಳುತ್ತೀರಿ. ದಿಂಬಿನ ಅಂಚು ತೊಡೆಗೆ ಒತ್ತುತ್ತಿದ್ದರೆ ಜೋಮು ಬೇಗ ಬರುತ್ತದೆ. ದಿಂಬಿನ ಮುಂದಿನ ಅರ್ಧಕ್ಕೆ ಮಾತ್ರ ಕೂತು ನೋಡಿ. ಆದರೆ ಮಂಡಿಯ ಒಳಗೆ ಚುಚ್ಚಿದ ಹಾಗೆ ನೋವು ಬಂದರೆ ಅದನ್ನು ಸಹಿಸುವುದು ಸಾಧನೆ ಅಲ್ಲ. ಅವತ್ತೇ ನಿಲ್ಲಿಸಿ ಕುರ್ಚಿಗೆ ಬನ್ನಿ. ಕೂತಾಗಲೆಲ್ಲಾ ಹಳೆಯ ದುಃಖ, ಭಯ ಉಕ್ಕಿ ಬಂದು ತಡೆಯಲಾಗದಿದ್ದರೆ ಕಣ್ಣು ತೆರೆಯಿರಿ, ಎದ್ದು ನಡೆಯಿರಿ. ಹೊತ್ತು ಕಡಿಮೆ ಮಾಡಿ, ಮುಂದುವರಿದರೆ ಡಾಕ್ಟರ ಹತ್ತಿರ ಮಾತಾಡಿ.

ಹೊತ್ತು ಎಷ್ಟು ಅಂದರೆ, ಮೊದಲ ಎರಡು ವಾರ ಏಳು ನಿಮಿಷ. ಅದಕ್ಕಿಂತ ಜಾಸ್ತಿ ಕೂರಬೇಕು ಅನ್ನಿಸಿದರೂ ಏಳಿ. ನಾಳೆಗೆ ಸ್ವಲ್ಪ ಹಸಿವು ಉಳಿಯಲಿ.

ತಿಂಗಳಾದ ಮೇಲೆ ಪೇಪರ್ ರಾಶಿ ಮತ್ತೆ ತೆಗೆದು ಅಳೆಯಿರಿ. ದಿನಾ ಕೂತರೆ ಸೊಂಟದ ಬಿಗಿ ಸಡಿಲವಾಗುತ್ತದೆ, ನಂಬರ್ ಇಳಿಯುತ್ತದೆ. ನನ್ನದು ಐದರಿಂದ ಮೂರೂವರೆಗೆ ಬರಲು ಒಂದು ವರ್ಷ ಹಿಡಿಯಿತು. ಹೊಲಿಸಿದ ದಿಂಬು ಎತ್ತರವಾಯಿತು, ಹತ್ತಿ ತೆಗೆಯಬೇಕಾಯಿತು. ನಾನು ಜಿಪ್ ಇಡಿಸಿರಲಿಲ್ಲ. ಹೊಲಿಗೆ ಬಿಚ್ಚಿ, ಮತ್ತೆ ಹಾಕಿಸಲು ಅದೇ ಅಂಗಡಿಗೆ ಹೋದೆ. ಹಾಗಾಗಿ ನೀವು ಹೊಲಿಸುವುದಾದರೆ ಒಂದು ಬದಿಗೆ ಜಿಪ್ ಹಾಕಿಸಿ, ಇಪ್ಪತ್ತು ರೂಪಾಯಿ ಜಾಸ್ತಿ ಆದರೂ ಸರಿ.